ಹೇಳಿದ ಮಾತು ಕೇಳುವ ಫೋನು: ಪಳಗಿಸುವುದು ಹೇಗೆ?

ಬೆಳಗಿನ ಜಾವ ಐದು ಗಂಟೆ. ಆಗಷ್ಟೇ ತ್ರೀಫೇಸ್ ಕರೆಂಟು ಬಂದಿತ್ತು. ಅವ್ವ ಜಗಲಿ ಮೇಲೆ ಕೂತು ಫೋನನ್ನು ಬಾಯಿ ಹತ್ತಿರ ಹಿಡಿದು, “ವೊಲದ್ ಮೋಟ್ರು ಆಕ್ಬುಡು” ಅಂದಳು. ಫೋನು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಕರೆ ಹೋಯಿತು. ಆದರೆ ಹೊಲದ ಮೋಟರಿಗಲ್ಲ, ಮೋಟರು ರಿಪೇರಿ ಮಾಡುವವನಿಗೆ. ಅವನು ನಿದ್ದೆಗಣ್ಣಲ್ಲಿ ಎದ್ದು, “ಯಾಕವ್ವಾ, ಮತ್ತೆ ಸುಟ್ಟೋಯ್ತಾ?” ಅಂತ ಕೇಳಿದ.

ಅವತ್ತು ಮನೆಯವರೆಲ್ಲ ನಕ್ಕೆವು. ಅವ್ವ ನಗಲಿಲ್ಲ. “ನನ್ ಮಾತು ಅದ್ಕೆ ತಿಳಿಯಾಕಿಲ್ಲ ಕಣಪ್ಪ” ಅಂದು ಫೋನನ್ನು ಪಕ್ಕಕ್ಕಿಟ್ಟಳು.

ಅವ್ವನಿಗೆ ಓದು ಬರದು. ಫೋನಿನಲ್ಲಿ ಅವಳಿಗೆ ಗೊತ್ತಿರುವುದು ಹಸಿರು ಗುಂಡಿ, ಕೆಂಪು ಗುಂಡಿ ಎರಡೇ. ನಾನು ಊರಲ್ಲಿಲ್ಲದ ದಿನ ಅರಿಶಿನಕ್ಕೂ ಬಾಳೆಗೂ ನೀರು ಬಿಡುವವಳು ಅವಳೇ. ಮಂಡಿನೋವು ಬೇರೆ. ಕತ್ತಲಲ್ಲಿ ಬದುವಿನ ಮೇಲೆ ನಡೆದು ಹೋಗಬೇಕು. ಹಾವು, ಹಂದಿ ಭಯ ಯಾವ ರೈತನಿಗೆ ಗೊತ್ತಿಲ್ಲ? ಬಾಯಲ್ಲಿ ಹೇಳಿದರೆ ಕೆಲಸ ಆಗುವ ಹಾಗಿದ್ದರೆ ಅವಳಿಗದು ಷೋಕಿಯಲ್ಲ, ಊರುಗೋಲು. ಹಾಗಾಗಿ ಇದನ್ನು ಪಳಗಿಸಿಯೇ ಬಿಡೋಣ ಅಂತ ಕೂತೆ. ತಿಳಿದವರನ್ನು ಕೇಳಿದೆ, ಓದಿದೆ, ತಪ್ಪು ಮಾಡಿದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಎತ್ತಿನ ಪಾಠ, ಯಂತ್ರದ ಪಾಠ

ಎಳೆ ಹೋರಿಯನ್ನು ಹೂಡುವುದು ನಮಗೆ ಗೊತ್ತು. ಪಳಗಿದ ಎತ್ತಿನ ಜೊತೆ ಕಟ್ಟುತ್ತೇವೆ. ಒಂದೇ ಮಾತನ್ನು ಒಂದೇ ರಾಗದಲ್ಲಿ ನೂರಾರು ಸಲ ಹೇಳುತ್ತೇವೆ. ಆ ಮಾತಿಗೂ ಮಾಡಬೇಕಾದ ಕೆಲಸಕ್ಕೂ ಗಂಟು ಬೀಳುವವರೆಗೆ ಬಿಡುವುದಿಲ್ಲ. ಯಂತ್ರದ ಕಲಿಕೆಯೂ ಹೆಚ್ಚುಕಡಿಮೆ ಹೀಗೇ. ದನಿ ಒಂದು ಕಡೆ, ಆ ದನಿಯ ಅಕ್ಷರ ಇನ್ನೊಂದು ಕಡೆ. ಎರಡನ್ನೂ ಜೋಡಿ ಮಾಡಿ ಲಕ್ಷಗಟ್ಟಲೆ ಸಲ ತೋರಿಸುತ್ತಾರೆ. ಎರಡರ ಸಂಬಂಧ ಅದಕ್ಕೆ ಹಿಡಿತಕ್ಕೆ ಸಿಗುತ್ತದೆ.

ಆದರೆ ಎರಡು ವ್ಯತ್ಯಾಸ ಇದೆ. ನಮ್ಮ ಎತ್ತು ಕಲಿಯುವುದು ಒಬ್ಬ ಯಜಮಾನನ ಮಾತು. ಯಂತ್ರ ಕಲಿಯುವುದು ಸಾವಿರಾರು ಜನರ ಮಾತು, ಅದರಲ್ಲಿ ನಾವು ಇರಬಹುದು, ಇಲ್ಲದಿರಬಹುದು. ಎರಡನೆಯದು ಇನ್ನೂ ಮುಖ್ಯ. ಮಾತು ತಿಳಿಯದಿದ್ದರೆ ಎತ್ತು ನಿಂತುಬಿಡುತ್ತದೆ. ಯಂತ್ರ ನಿಲ್ಲುವುದು ಕಡಿಮೆ. ಊಹೆ ಮಾಡಿ ಮುಂದಕ್ಕೆ ಹೋಗುತ್ತದೆ. ಈ ಎರಡನೆಯ ಮಾತನ್ನು ಓದುಗರು ಗಂಟು ಹಾಕಿ ಇಟ್ಟುಕೊಳ್ಳಬೇಕು.

ದನಿಯಿಂದ ಕೆಲಸದವರೆಗೆ ನಾಲ್ಕು ಮೆಟ್ಟಿಲು

ಮೊದಲನೆಯದು ಕರೆಗೆ ಓಗೊಡುವುದು. “ಹೇ ಗೂಗಲ್” ಅನ್ನುವಂಥ ಒಂದು ಕರೆಯ ಮಾತಿಗಾಗಿ ಫೋನಿನ ಒಳಗೆ ಒಂದು ಪುಟ್ಟ ಪ್ರೋಗ್ರಾಂ ಕಿವಿ ತೆರೆದುಕೊಂಡು ಇರುತ್ತದೆ. ಆ ಮಾತು ಬಿದ್ದ ಮೇಲೆ ಉಳಿದ ಯಂತ್ರ ಏಳುತ್ತದೆ. ಕರೆಯುವುದು ಬೇಡ ಅಂದರೆ ಮೈಕಿನ ಗುರುತನ್ನು ಒತ್ತಿದರೂ ನಡೆಯುತ್ತದೆ.

ಎರಡನೆಯದು ದನಿಯನ್ನು ಅಕ್ಷರ ಮಾಡುವುದು. ನಾವು ಆಡಿದ ಒಂದು ಸೆಕೆಂಡಿನ ಮಾತನ್ನು ಸುಮಾರು ನೂರು ತುಂಡು ಮಾಡಿ, ಒಂದೊಂದರಲ್ಲೂ ಯಾವ ಸ್ವರ ಎಷ್ಟು ಜೋರಾಗಿದೆ ಅಂತ ಅಳೆಯುತ್ತದೆ. ಅದರಿಂದ ಇದು ‘ಮ’ ಇರಬಹುದು, ಇದು ‘ಬ’ ಇರಬಹುದು ಅಂತ ಲೆಕ್ಕ ಹಾಕುತ್ತದೆ. ಅನುಮಾನ ಬಂದ ಕಡೆ ಅಕ್ಕಪಕ್ಕದ ಪದ ನೋಡಿ ತೀರ್ಮಾನ ಮಾಡುತ್ತದೆ. ‘ಹಾಲು’ ಅನ್ನುವುದನ್ನು ನಮ್ಮ ಕಡೆಯವರು ‘ಆಲು’ ಅಂದರೂ, ಜೊತೆಗೆ ‘ಡೇರಿ’ ಇದ್ದರೆ ಹಾಲು ಅಂತ ಹಿಡಿಯುವ ಸಾಧ್ಯತೆ ಹೆಚ್ಚು. ಬರೀ ‘ಆಲು’ ಅಂದರೆ ದಾರಿ ತಪ್ಪುತ್ತದೆ.

ಮೂರನೆಯದು ಅರ್ಥ. “ಮೋಟರು ಹಾಕು” ಅಂದರೆ ಫೋನು ಮಾಡಬೇಕೋ, ಹಾಡು ಹಾಕಬೇಕೋ, ಮೋಟರಿನ ಬಗ್ಗೆ ಹುಡುಕಬೇಕೋ? ಇಲ್ಲೂ ಲೆಕ್ಕಾಚಾರವೇ.

ನಾಲ್ಕನೆಯದು ಕೆಲಸ. ಕರೆ ಮಾಡುವುದು, ಬರೆದಿಡುವುದು, ಎಚ್ಚರಿಸುವುದು, ಉತ್ತರ ಹೇಳುವುದು.

ಅವ್ವನ ಮಾತು ಎಲ್ಲಿ ಎಡವಿತು? ‘ವೊಲದ್’ ಅನ್ನುವುದು ಎರಡನೆಯ ಮೆಟ್ಟಿಲಲ್ಲಿ ಬಿದ್ದುಹೋಯಿತು. ‘ಮೋಟ್ರು’ ಮಾತ್ರ ಉಳಿಯಿತು. ನನ್ನ ಫೋನಿನ ಪಟ್ಟಿಯಲ್ಲಿ ‘ಮೋಟಾರ್’ ಅಂತ ಶುರುವಾಗುವ ಹೆಸರು ರಿಪೇರಿಯವನದ್ದು. ಯಂತ್ರ ಊಹೆ ಮಾಡಿತು, ಕರೆ ಹೋಯಿತು.

ಯಾರ ದನಿ ಕೇಳಿ ಕಲಿಯಿತು?

ಮಾತು ತಿಳಿಯುವ ಯಂತ್ರ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದವರು 1952ರಲ್ಲೇ ‘ಆಡ್ರಿ’ ಅನ್ನುವ ಯಂತ್ರ ಮಾಡಿದ್ದರು. ಅದಕ್ಕೆ ತಿಳಿಯುತ್ತಿದ್ದುದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮಾತ್ರ. ಅದೂ ಪಳಗಿಸಿದವನ ದನಿಯಲ್ಲೇ ಹೇಳಬೇಕಿತ್ತು. 1997ರಲ್ಲಿ ಬಂದ ‘ಡ್ರ್ಯಾಗನ್’ ಎಂಬ ಇಂಗ್ಲಿಷ್ ಬರೆದುಕೊಳ್ಳುವ ಪ್ರೋಗ್ರಾಮಿಗೂ ಕೊಂಡವರು ಮೊದಲು ಕೂತು ಪಾಠ ಓದಿ ತಮ್ಮ ದನಿ ಕಲಿಸಬೇಕಿತ್ತು. ಎತ್ತಿನ ಹಾಗೆ, ಒಬ್ಬೊಬ್ಬ ಯಜಮಾನನಿಗೆ ಒಂದೊಂದು ಪಾಠ.

ಈಗ ಪದ್ಧತಿ ತಿರುಗಿದೆ. ಮೊದಲೇ ಸಾವಿರಾರು ಜನರ ದನಿ ಕೇಳಿಸಿ ಕಲಿಸಿರುತ್ತಾರೆ. ಗೂಗಲ್‌ನವರು ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯಕ್ಕೆ ಕನ್ನಡ ಸೇರಿಸಿದ್ದು 2017ರಲ್ಲಿ. ಮಾತಿಗೆ ಮಾತು ಕೊಡುವ ಅವರ ಜೆಮಿನಿ ಆಪ್ 2024ರಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಿಗೆ ಬಂತು. ಪಿಎಂ ಕಿಸಾನ್ ಹಣದ ವಿಚಾರ ಕೇಳಲು ಕೇಂದ್ರ ಸರ್ಕಾರ 2023ರಲ್ಲಿ ತಂದ ‘ಕಿಸಾನ್ ಇ-ಮಿತ್ರ’ಕ್ಕೂ ಕನ್ನಡ ಕಲಿಸಿದ್ದಾರೆ.

ಆದರೆ ಯಾವ ಕನ್ನಡ? ವಾರ್ತೆ ಓದುವವರ ಕನ್ನಡ, ಪೇಟೆಯ ಕನ್ನಡ ಅದಕ್ಕೆ ಬೇಗ ತಿಳಿಯುತ್ತದೆ. ಹೊನ್ನೂರಿನವರು ತಮ್ಮ ಊರನ್ನೇ ‘ಒನ್ನೂರು’ ಅನ್ನುವವರು. ನಾನು “ಒನ್ನೂರಲ್ಲಿ ಮಳೆ ಬತ್ತದಾ?” ಅಂತ ಕೇಳಿದಾಗ ಪರದೆ ಮೇಲೆ ‘ಮುನ್ನೂರಲ್ಲಿ’ ಅಂತ ಮೂಡಿತು! ‘ಹ’ ನುಂಗುವುದು, ‘ಬಿಡು’ವನ್ನು ‘ಬುಡು’ ಅನ್ನುವುದು, ‘ಸ್ವಲ್ಪ’ಕ್ಕೆ ‘ವಸಿ’ ಅನ್ನುವುದು ನಮ್ಮ ತಪ್ಪಲ್ಲ. ನಮ್ಮ ಮಾತು ಇರುವುದೇ ಹಾಗೆ. ಕಲಿಸಿದವರ ಪಾಠದಲ್ಲಿ ಅದು ಕಡಿಮೆ ಇದೆ, ಅಷ್ಟೆ.

ಈ ಕೊರತೆ ತಿಳಿದು ಕೆಲಸ ಮಾಡಿದವರೂ ಇದ್ದಾರೆ. ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಕೃಷಿ ಮಾರುಕಟ್ಟೆ ಧಾರಣೆ ಮತ್ತು ಹವಾಮಾನವನ್ನು ಕನ್ನಡದಲ್ಲಿ ಫೋನು ಮಾಡಿ ಕೇಳುವ ಒಂದು ವ್ಯವಸ್ಥೆ ಮಾಡಿ, 2017ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದಕ್ಕೆ ದನಿ ಕೊಟ್ಟವರು ರಾಜ್ಯದ ಬೇರೆ ಬೇರೆ ಆಡುಮಾತಿನ ಸೀಮೆಗಳ ರೈತರೇ. ದನಿ ತೆಗೆದುಕೊಂಡದ್ದು ನಿಶ್ಶಬ್ದವಾದ ಕೋಣೆಯಲ್ಲಲ್ಲ, ಗದ್ದಲ ಇರುವ ಕಡೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ ಆರಿಸಿಕೊಂಡು ದನಿ ಸಂಗ್ರಹಿಸಿತು. ಅದೇ ಸಂಸ್ಥೆಯವರ ‘ವಾಣಿ’ ಯೋಜನೆಯಲ್ಲಿ ಜನರಿಗೆ ಒಂದು ಚಿತ್ರ ತೋರಿಸುತ್ತಾರೆ. ನೋಡಿದ್ದನ್ನು ತಮ್ಮ ಮನೆಮಾತಿನಲ್ಲಿ ಹೇಳಿದರಾಯಿತು. ದೇಶದ ಎಲ್ಲ ಜಿಲ್ಲೆಗಳ ಮಾತನ್ನೂ ಹೀಗೆ ಕೂಡಿಸುವುದು ಅವರ ಗುರಿ.

ಮೂರು ತರದ ಕಲಿಕೆ

ನಾವು ಬೈದರೆ ಫೋನು ಕಲಿಯುವುದಿಲ್ಲ. ನಾನು ಮೊದಲು ಹಾಗೆ ತಿಳಿದಿದ್ದೆ. ‘ಒನ್ನೂರು ಕಣೋ, ಮುನ್ನೂರಲ್ಲ’ ಅಂತ ಹತ್ತು ಸಲ ಹೇಳಿದೆ. ಮಾರನೆ ದಿನ ಮತ್ತೆ ಮುನ್ನೂರು. ಯಾಕೆ ಅಂತ ತಿಳಿಯಬೇಕಾದರೆ ಕಲಿಕೆ ಮೂರು ತರ ಅನ್ನುವುದು ಗೊತ್ತಿರಬೇಕು.

ಒಂದು, ದೊಡ್ಡ ಶಾಲೆಯ ಕಲಿಕೆ. ಇದು ಕಂಪನಿಯವರ ಕಡೆ ಆಗುವಂಥದ್ದು. ಕಿವಿ ತಯಾರಾಗುವುದು ಅಲ್ಲೇ. ಅದನ್ನು ನಾವು ಮನೆಯಲ್ಲಿ ಕೂತು ಬದಲಿಸಲು ಆಗದು.

ಎರಡು, ಫೋನಿನಲ್ಲಿ ಬರೆದಿಟ್ಟ ಕಲಿಕೆ. ಹೆಸರಿನ ಪಟ್ಟಿ, ನಿಮ್ಮ ಊರು, ‘ಈ ಮಾತು ಹೇಳಿದರೆ ಈ ಕೆಲಸ ಮಾಡು’ ಅಂತ ನಾವು ಕಟ್ಟಿಕೊಟ್ಟ ಆಜ್ಞೆಗಳು. ಇದು ಪೂರ್ತಿ ನಮ್ಮ ಕೈಯಲ್ಲಿದೆ.

ಮೂರು, ಆ ಹೊತ್ತಿನ ಕಲಿಕೆ. ಮಾತುಕತೆ ಶುರುವಾದಾಗ “ನಾನು ವಸಿ ಅಂದರೆ ಸ್ವಲ್ಪ ಅಂತ ತಿಳಿ” ಅಂದರೆ ಆ ಮಾತುಕತೆ ಮುಗಿಯುವವರೆಗೆ ಅದು ನೆನಪಿಡುತ್ತದೆ. ಹೊಸದಾಗಿ ಶುರು ಮಾಡಿದರೆ ಸಾಮಾನ್ಯವಾಗಿ ಮರೆಯುತ್ತದೆ. ಕೆಲವು ಆಪುಗಳಲ್ಲಿ ಮಾತ್ರ ‘ಇದನ್ನು ನೆನಪಿಟ್ಟುಕೋ’ ಅಂದರೆ ಬರೆದಿಟ್ಟುಕೊಳ್ಳುವ ಅನುಕೂಲ ಇದೆ.

ನಾವು ಶ್ರಮ ಹಾಕಬೇಕಾದದ್ದು ಎರಡನೆಯದಕ್ಕೆ. ಫಲ ಬೇಗ ಸಿಗುವುದು ಅಲ್ಲೇ.

“ಗಂಗಮ್ಮನಿಗೆ ಫೋನ್ ಮಾಡು”

ನಮ್ಮ ಮೋಟರಿಗೆ ಸಿಮ್ ಹಾಕುವ ಸ್ಟಾರ್ಟರ್ ಪೆಟ್ಟಿಗೆ ಇದೆ. ಮನೆಯ ನಂಬರಿನಿಂದ ಒಂದು ಕರೆ ಹೋದರೆ ಚಾಲೂ, ಇನ್ನೊಂದು ಕರೆ ಹೋದರೆ ಬಂದ್. ಬೇರೆ ನಂಬರಿನಿಂದ ಮಾಡಿದರೆ ಕೇಳುವುದಿಲ್ಲ. ಚಾಲೂ ಆದ ಮೇಲೆ ಪೆಟ್ಟಿಗೆಯೇ ತಿರುಗಿ ಒಂದು ಕರೆ ಕೊಡುತ್ತದೆ. ಕೆಲವರ ಪೆಟ್ಟಿಗೆಯಲ್ಲಿ ಕರೆ ಹೋದ ಮೇಲೆ ಅಂಕಿ ಒತ್ತಬೇಕು. ಅಂಥದ್ದಕ್ಕೆ ಈ ಉಪಾಯ ಅರ್ಧ ಮಾತ್ರ ಸಾಗುತ್ತದೆ.

ಆ ಸಿಮ್ಮಿನ ನಂಬರನ್ನು ನಾನು ‘ಹೊಲದ ಮೋಟಾರ್’ ಅಂತ ಬರೆದಿಟ್ಟಿದ್ದೆ. ತಪ್ಪು ಅಲ್ಲೇ ಇತ್ತು. ಹೆಸರಿಟ್ಟವನು ನಾನು, ಕರೆಯುವವಳು ಅವ್ವ. ಕರೆಯುವವರ ಬಾಯಿಗೆ ಹೊಂದುವ ಹೆಸರು ಇರಬೇಕು. ‘ಏನಂತ ಇಡನವ್ವ?’ ಅಂತ ಅವಳನ್ನೇ ಕೇಳಿದೆ. “ನೀರು ಕೊಡೋಳು ಗಂಗಮ್ಮ ಅಲ್ವಾ, ಅಂಗೇ ಇಡು” ಅಂದಳು. ಗಂಗಮ್ಮ ಅಂತಲೇ ಇಟ್ಟೆ.

ಈಗ ಅವ್ವ “ಗಂಗಮ್ಮನಿಗೆ ಫೋನ್ ಮಾಡು” ಅಂತಾಳೆ. ಕರೆ ಹೋಗುತ್ತದೆ, ನೀರು ಬರುತ್ತದೆ. ಹೊಸ ಯಂತ್ರ ತರಲಿಲ್ಲ, ಒಂದು ಪೈಸೆ ಖರ್ಚಾಗಲಿಲ್ಲ.

ಹೆಸರು ಆರಿಸುವಾಗ ಗಮನಿಸಬೇಕಾದ ನಾಲ್ಕು ಸಂಗತಿ:

1. ಪಟ್ಟಿಯಲ್ಲಿ ಅದೇ ಹೆಸರು ಇನ್ನೊಂದು ಇರಬಾರದು. ಅತ್ತೆಯೋ ಅಕ್ಕನೋ ಗಂಗಮ್ಮ ಆಗಿದ್ದರೆ ಬೇರೆ ಹೆಸರು ಇಡಿ.
2. ಬಾಯಲ್ಲಿ ನುಂಗಿಹೋಗುವ ‘ಹ’ದಿಂದ ಶುರುವಾಗುವ ಹೆಸರು ಬೇಡ.
3. ತೀರಾ ಚಿಕ್ಕ ಹೆಸರು ಬೇಡ. ಮೂರು, ನಾಲ್ಕು ಅಕ್ಷರ ಇದ್ದರೆ ಯಂತ್ರಕ್ಕೆ ಹಿಡಿತ ಸಿಗುತ್ತದೆ.
4. ಮನೆಯಲ್ಲಿ ಯಾರು ಯಾರು ಹೇಳುತ್ತಾರೋ ಅವರೆಲ್ಲರಿಂದ ಹತ್ತತ್ತು ಸಲ ಹೇಳಿಸಿ ನೋಡಿ. ಎಂಟು ಸಲ ಸರಿಯಾದರೂ ಸಾಲದು, ಬದಲಿಸಿ.

ಇನ್ನೊಂದು ಎಚ್ಚರಿಕೆ. ಮೋಟರು, ಸ್ಟಾರ್ಟರ್ ಮುಟ್ಟುವ ಮೊದಲು ಮೈನ್ ತೆಗೆದು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮನೆಯಲ್ಲಿ ಮಗು ಆಟಕ್ಕೆ ‘ಗಂಗಮ್ಮ’ ಅಂದರೂ ಕರೆ ಹೋದೀತು. ಬಾಯಿಮಾತಿನ ಸ್ವಿಚ್ಚಿಗೆ ಬೀಗ ಇಲ್ಲ.

ಒಂಬತ್ತು ಚೀಲ ಎಂಬತ್ತಾದ ಕತೆ

ಹೋದ ಸಾರಿ ಅರಿಶಿನಕ್ಕೆ ಬೇವಿನ ಹಿಂಡಿ ಬೇಕಿತ್ತು. ಕೈಯೆಲ್ಲ ಕೆಸರು. ಫೋನಿಗೆ ಬಾಯಲ್ಲೇ ಹೇಳಿ ಅಂಗಡಿಗೆ ಮೆಸೇಜು ಕಳಿಸಿದೆ: ‘ಒಂಬತ್ತು ಚೀಲ ಬೇವಿನ ಹಿಂಡಿ ಬೇಕು’. ಅರ್ಧ ಗಂಟೆಗೆ ಅಂಗಡಿಯವರ ಫೋನು. “ಏನ್ ಸ್ವಾಮಿ, ಎಂಬತ್ತು ಚೀಲನಾ? ಲಾರಿ ಬೇಕಾಯ್ತದೆ!”

ಅವರು ನನ್ನ ಜಮೀನು ಬಲ್ಲವರು, ಕೇಳಿದರು. ಕೇಳದಿದ್ದರೆ? ಹಿಂಡಿಯಾದರೆ ವಾಪಸು ಕಳಿಸಬಹುದು. ಅದೇ ಒಂದು ಕ್ಯಾನಿಗೆ ಒಂಬತ್ತು ಎಂಎಲ್ ಮದ್ದು ಎಂಬತ್ತು ಎಂಎಲ್ ಆದರೆ ಬೆಳೆ ಸುಟ್ಟುಹೋಗುತ್ತದೆ. ಹೊಡೆಯುವವನ ಜೀವಕ್ಕೂ ಕುತ್ತು.

ಕನ್ನಡದ ಅಂಕಿಗಳಲ್ಲಿ ಈ ಅಪಾಯ ಜಾಸ್ತಿ. ಒಂಬತ್ತು, ಎಂಬತ್ತು, ತೊಂಬತ್ತು. ಐದು, ಹದಿನೈದು. ಇನ್ನೂರು, ಮುನ್ನೂರು. ಬಾಲ ಒಂದೇ, ತಲೆ ಮಾತ್ರ ಬೇರೆ. ಗಾಳಿ ಬೀಸಿದರೆ, ಪಕ್ಕದಲ್ಲಿ ಟಿಲ್ಲರ್ ಓಡುತ್ತಿದ್ದರೆ ತಲೆಯೇ ಕೇಳಿಸುವುದಿಲ್ಲ. ಊಹೆ ಮಾಡುವ ಯಂತ್ರ ಯಾವುದನ್ನೋ ಒಂದನ್ನು ಆರಿಸಿಕೊಳ್ಳುತ್ತದೆ.

ಅಲ್ಲಿಂದೀಚೆಗೆ ನಾನು ಪಾಲಿಸುವ ಕ್ರಮ ಹೀಗಿದೆ. ಮಾತುಕತೆ ಆಡುವ ಆಪು ತೆರೆದ ಕೂಡಲೆ ಮೊದಲ ಮಾತಾಗಿ ಹೇಳುತ್ತೇನೆ: “ನಾನು ಹೇಳಿದ್ದನ್ನು ಮೊದಲು ತಿರುಗಿ ಹೇಳು. ನಾನು ಸರಿ ಅಂದ ಮೇಲೆ ಮುಂದಕ್ಕೆ ಹೋಗು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳು. ತಿಳಿಯದಿದ್ದರೆ ಊಹೆ ಮಾಡಬೇಡ, ಕೇಳು.” ಇಷ್ಟು ಹೇಳಿದರೆ ತಪ್ಪು ಎಷ್ಟೋ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಅಂಕಿಯನ್ನು ಎರಡು ತರ ಹೇಳುವುದು ಇನ್ನೂ ಒಳ್ಳೆಯದು. ‘ಒಂಬತ್ತು, ಹತ್ತಕ್ಕೆ ಒಂದು ಕಡಿಮೆ’. ‘ಎಂಬತ್ತು, ಎಂಟು ಸೊನ್ನೆ’. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಗಾಳಿಗೆ ಬೆನ್ನು ಹಾಕಿ, ಫೋನು ಬಾಯಿಗೆ ಒಂದು ಗೇಣು ದೂರ ಇರಲಿ. ಜೋರಾಗಿ ಕೂಗಬೇಡಿ, ಕೂಗಿದರೆ ದನಿ ಒಡೆಯುತ್ತದೆ.

ಮದ್ದಿನ ಹೆಸರು, ಅಳತೆ, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನುವುದನ್ನು ಮಾತ್ರ ಫೋನಿನ ಬಾಯಿಂದ ಕೇಳಿ ಮಾಡಬೇಡಿ. ಕಿವಿ ಸರಿ ಇದ್ದರೂ ಉತ್ತರ ತಪ್ಪಿರಬಹುದು. ಗೊತ್ತಿಲ್ಲದ್ದನ್ನೂ ಗೊತ್ತಿದೆ ಅನ್ನುವ ಹಾಗೆ ಸಲೀಸಾಗಿ ಹೇಳುವುದು ಇಂಥ ಆಪುಗಳ ಗುಣ. ಬಾಟಲಿಯ ಚೀಟಿಯನ್ನು ಓದುಬಲ್ಲವರಿಂದ ಓದಿಸಿ. ರೈತ ಸಂಪರ್ಕ ಕೇಂದ್ರ ಇದೆ, ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ದುಡ್ಡಿಲ್ಲದೆ ಫೋನು ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮನುಷ್ಯರೇ ಮಾತಾಡುತ್ತಾರೆ. ‘ಒಂಬತ್ತೋ ಎಂಬತ್ತೋ?’ ಅಂತ ತಿರುಗಿ ಕೇಳುತ್ತಾರೆ.

ನಮ್ಮ ದನಿಗೂ ಧಾರಣೆ ಇದೆ

ದೊಡ್ಡ ಶಾಲೆಯ ಕಲಿಕೆ ನಮ್ಮ ಕೈಯಲ್ಲಿಲ್ಲ ಅಂದೆ. ಆದರೆ ಅಲ್ಲಿಗೆ ಪಾಠ ಹೋಗುವುದು ಹಳ್ಳಿಗಳಿಂದಲೇ. ನಮ್ಮ ಯಳಂದೂರು ಸೀಮೆಯಲ್ಲೇ ಇದು ನಡೆದಿದೆ. 2021ರಲ್ಲಿ ಶುರುವಾದ ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಇಲ್ಲಿನ ಹಳ್ಳಿಗಳ ಜನರಿಂದ, ಹೆಚ್ಚಾಗಿ ಹೆಣ್ಣುಮಕ್ಕಳಿಂದ, ಮೊಬೈಲಿನಲ್ಲಿ ಕನ್ನಡದ ವಾಕ್ಯಗಳನ್ನು ಓದಿಸಿ ದನಿ ಸಂಗ್ರಹಿಸಿತು. ಮನೆಗೆಲಸ, ಹೊಲಿಗೆ ಕೆಲಸದ ನಡುವೆ ಬಿಡುವಾದಾಗ ಓದುವುದು. ಗಂಟೆಗೆ ಸುಮಾರು ಐದು ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ನಾನೂರು ರೂಪಾಯಿ ಕೊಡುತ್ತಾರೆಂದು 2023ರಲ್ಲಿ ವಿದೇಶದ ಪತ್ರಿಕೆಗಳೂ ಬರೆದವು. ಅದೇ ದನಿಯನ್ನು ಮುಂದೆ ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೂ ಪಾಲು ಸಲ್ಲಬೇಕು ಅನ್ನುವುದು ಅವರ ಕ್ರಮ. ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಉತ್ತರ ಕೊಡುವ ಯಂತ್ರಕ್ಕೂ ಹೀಗೆ ಓದಿಸಿದ್ದಾರೆ.

ದುಡ್ಡಿಲ್ಲದೆ ದಾನ ಕೊಡುವ ದಾರಿಯೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ‘ಭಾಷಿಣಿ’ಯಲ್ಲಿ ‘ಭಾಷಾದಾನ’ ಅಂತ ಒಂದು ಭಾಗ ಇದೆ. ವಾಕ್ಯ ಓದಿ ದನಿ ಕೊಡಬಹುದು, ಬೇರೆಯವರ ದನಿ ಕೇಳಿ ಬರೆದುಕೊಡಬಹುದು.

ಕೊಡುವುದಾದರೆ ತಿಳಿದು ಕೊಡೋಣ. ಯಾರಾದರೂ ಮನೆಗೆ ಬಂದು ‘ಅಜ್ಜಿ, ನಾಕು ಮಾತಾಡಿ, ರೆಕಾರ್ಡ್ ಮಾಡ್ತೀವಿ’ ಅಂದರೆ ನಾಲ್ಕು ಪ್ರಶ್ನೆ ಕೇಳಿ. ಯಾತಕ್ಕೆ? ಯಾರ ಹತ್ತಿರ ಇರುತ್ತದೆ? ಎಷ್ಟು ಕೊಡುತ್ತೀರಿ? ಬೇಡ ಅಂದಾಗ ಅಳಿಸುತ್ತೀರಾ? ವೈಯಕ್ತಿಕ ಮಾಹಿತಿ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ, 2025ರಲ್ಲಿ ನಿಯಮಗಳು ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿದೆ. ಒಪ್ಪಿಗೆಯನ್ನು ಸರಳ ಮಾತಿನಲ್ಲಿ ಕೇಳಬೇಕು, ಕನ್ನಡದಲ್ಲೂ ಓದಲು ಅವಕಾಶ ಇರಬೇಕು, ಕೊಟ್ಟ ಒಪ್ಪಿಗೆ ವಾಪಸು ಪಡೆಯಬಹುದು ಅನ್ನುವುದು ಅದರಲ್ಲಿದೆ. ಆಧಾರ್ ನಂಬರು, ಬ್ಯಾಂಕಿನ ನಂಬರು, ಓಟಿಪಿ ಇವನ್ನು ಯಾವ ರೆಕಾರ್ಡಿಗೂ ಹೇಳಬೇಡಿ. ಮನೆಯ ಫೋನಿಗೂ ಹೇಳಬೇಡಿ.

ದನಿ ಕೊಡುವಾಗ ಪೇಟೆಯವರ ಹಾಗೆ ಮಾತಾಡಲು ಹೋಗಬೇಡಿ ಅನ್ನುವುದು ನನ್ನ ಕಿವಿಮಾತು. ಬರೆದದ್ದನ್ನು ಓದುವಾಗ ಇದ್ದ ಹಾಗೇ ಓದಬೇಕು, ಸರಿ. ಆದರೆ ಚಿತ್ರ ತೋರಿಸಿ ‘ಏನು ಕಾಣುತ್ತದೆ ಹೇಳಿ’ ಅಂದರೆ ‘ಅಸ ನಿಂತದೆ, ವಸಿ ಉಲ್ಲು ಬಿದ್ದದೆ’ ಅಂತಲೇ ಹೇಳಿ. ಬಿತ್ತಿದ್ದೇ ಬೆಳೆಯುವುದು. ನಾವು ನಾಚಿಕೊಂಡು ಬಾಯಿ ತಿದ್ದಿಕೊಂಡರೆ ಯಂತ್ರ ಮುಂದಿನ ಹತ್ತು ವರ್ಷವೂ ಪೇಟೆ ಕನ್ನಡವನ್ನೇ ಕಲಿಯುತ್ತದೆ. ಆಗ ನಮ್ಮ ಅವ್ವಂದಿರು ಜಗಲಿ ಮೇಲೆ ಕೂತು ಫೋನನ್ನು ಪಕ್ಕಕ್ಕಿಡುವುದು ತಪ್ಪುವುದಿಲ್ಲ.

ಅವ್ವ ಈಗ ಗಂಗಮ್ಮನ ಜೊತೆ ಚೆನ್ನಾಗಿದ್ದಾಳೆ. ಆದರೂ ಪೆಟ್ಟಿಗೆಯಿಂದ ತಿರುಗಿ ಕರೆ ಬರುವವರೆಗೆ ಫೋನು ಕೈಬಿಡುವುದಿಲ್ಲ. ಬೆಳಕು ಹರಿದ ಮೇಲೆ ನಿಧಾನಕ್ಕೆ ನಡೆದು ಹೋಗಿ ಕಾಲುವೆಯಲ್ಲಿ ನೀರು ಬಂದಿದೆಯೋ ಅಂತ ಕಣ್ಣಿಂದ ನೋಡಿ ಬರುತ್ತಾಳೆ. “ಮಾತ್ ಕೇಳ್ತದೆ ಅಂದ್ಬುಟ್ಟು ಎತ್ನ ಒಂದ್ನೇ ವೊಲಕ್ಕೆ ಬುಟ್ಬುಟ್ಟೀಯಾ?” ಅನ್ನುವುದು ಅವಳ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ.